ಒಂದು ಕಿಟ್, ಇಬ್ಬರು ಕೀಪರ್

ಮೂಗಿರುವವರೆಗೆ ನೆಗಡಿ ತಪ್ಪದು ಅನ್ನುತ್ತಾರೆ. ಕೊರಳಲ್ಲಿ ವಿಸಿಲ್ ಇರುವವರೆಗೆ ನನಗೂ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಉಡುಪಿಯ ಒಂದು ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಅಧ್ಯಾಪಕಿ. ಊರವರ ಬಾಯಲ್ಲಿ 'ಆಟದ ಟೀಚರ್'. ಕಬಡ್ಡಿ, ಖೋಖೋ, ತ್ರೋಬಾಲ್ ಎಲ್ಲದರಲ್ಲೂ ನಕ್ಕಿದ್ದೇನೆ, ಅತ್ತಿದ್ದೇನೆ. ಆದರೆ ಕಳೆದ ವರ್ಷ ನಮ್ಮ ಹುಡುಗಿಯರ ಹಾಕಿ ತಂಡ ಕೊಟ್ಟಷ್ಟು ತಲೆಬಿಸಿಯನ್ನೂ ಬೆರಗನ್ನೂ ಬೇರೆ ಯಾವ ತಂಡವೂ ಕೊಟ್ಟಿಲ್ಲ.

ಸಾಮಾನ್ಯವಾಗಿ ಗೋಲ್ ಕಾಯಲು ಯಾರೂ ಮುಂದೆ ಬರುವುದಿಲ್ಲ. ಕಲ್ಲಿನಂಥ ಚೆಂಡಿಗೆ ಮೈಯೊಡ್ಡುವ ಹುಚ್ಚು ಯಾರಿಗೆ? ಆ ವರ್ಷ ಇಬ್ಬರು ಬಂದರು. ಒಬ್ಬಳು ಕಾಪುವಿನವಳು, ಇನ್ನೊಬ್ಬಳು ಕಾರ್ಕಳದವಳು. ಯಾರು ಹೆಚ್ಚು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅದೇ ಹೊತ್ತಿಗೆ ವಿಶ್ವವಿದ್ಯಾಲಯ ತಂಡದ ಆಯ್ಕೆಗಾರರು ಫೋನ್ ಮಾಡಿ, "ನಮ್ಮ ಶಿಬಿರಕ್ಕೆ ಒಬ್ಬಳು ಕೀಪರ್ ಬೇಕು. ನೀವು ಅಂತರ ಕಾಲೇಜು ಟೂರ್ನಿಯ ಫೈನಲ್‌ಗೆ ಬಂದರೆ ನಾನೂ ಬಂದು ನೋಡುತ್ತೇನೆ" ಎಂದರು. ಅಂದರೆ ಫೈನಲ್‌ನಲ್ಲಿ ನಾನು ಯಾರನ್ನು ನಿಲ್ಲಿಸುತ್ತೇನೋ ಅವಳಿಗೆ ದಾರಿ, ಇನ್ನೊಬ್ಬಳಿಗೆ ಬೆಂಚು. ಇಬ್ಬರೂ ಕೊನೆಯ ವರ್ಷದವರು. ಮುಂದಿನ ವರ್ಷ ನೋಡೋಣ ಎಂದು ಬೆನ್ನು ತಟ್ಟುವ ಹಾಗೂ ಇರಲಿಲ್ಲ.

೧. ಕಿಟ್

ಇಬ್ಬರನ್ನೂ ಅರ್ಧರ್ಧ ಆಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಪ್ರಾಂಶುಪಾಲರೂ ಕೇಳಿದರು. ಕೀಪರ್ ಹಾಕಿಕೊಳ್ಳುವ ಕಿಟ್ ನಮ್ಮಲ್ಲಿ ಒಂದೇ ಉಂಟು: ಒಂದು ಹೆಲ್ಮೆಟ್, ಎದೆಗೆ ಒಂದು ಕವಚ, ಕಾಲಿಗೆ ಹಾಸಿಗೆಯಷ್ಟು ದಪ್ಪದ ಪ್ಯಾಡ್. ಪಟ್ಟಿಗಳನ್ನೆಲ್ಲ ಬಿಚ್ಚಿ ಇನ್ನೊಬ್ಬಳಿಗೆ ಕಟ್ಟಲು ಕಾಲು ಗಂಟೆ ಬೇಕು. ಅಷ್ಟರಲ್ಲಿ ಎದುರಿನವರು ಆರು ಗೋಲು ಹೊಡೆದಿರುತ್ತಾರೆ.

ಆ ಕಿಟ್ ಎಷ್ಟು ಮಳೆಗಾಲ ಕಂಡಿದೆಯೋ ದೇವರಿಗೇ ಗೊತ್ತು. ಪ್ರತಿ ಮಳೆಯಲ್ಲೂ ನೆನೆದು, ಬಿಸಿಲಿಗೆ ಸರಿಯಾಗಿ ಒಣಗದೆ, ಅದಕ್ಕೆ ತನ್ನದೇ ಆದ ಒಂದು ವಾಸನೆ ಬಂದಿತ್ತು. ಅದನ್ನಿಟ್ಟ ಕೋಣೆಯ ಬಾಗಿಲು ತೆರೆದರೆ ಪಕ್ಕದ ಲೈಬ್ರರಿಯಲ್ಲಿ ಓದುವವರು ಎದ್ದು ಹೋಗುತ್ತಿದ್ದರು.

ಹೆತ್ತವರ ಸಭೆಯ ದಿನ ಕಾಪುವಿನವಳ ಅಮ್ಮ ಬಂದರು. ಇಪ್ಪತ್ತೈದು ವರ್ಷದಿಂದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಗಟ್ಟಿ ಹೆಂಗಸು. ಮಗಳ ಆಟದ ಸಾಮಾನು ನೋಡಬೇಕು ಎಂದರು. ಬಾಗಿಲು ತೆರೆದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಸೆರಗನ್ನು ಮೂಗಿಗೆ ಹಿಡಿದರು.

"ಟೀಚರೇ, ಇದನ್ನು ನನ್ನ ಮಗಳು ತಲೆಗೆ ಹಾಕುವುದಾ?"

"ಹೌದಮ್ಮ, ದಿನಾ ಸಂಜೆ ಎರಡು ಗಂಟೆ ಹೊತ್ತು."

"ಮತ್ತೆ ಮನೆಗೆ ಬಂದು ನನ್ನ ಮೀನಿನ ಬುಟ್ಟಿ ವಾಸನೆ ಅಂತಾಳಲ್ಲ ಅವಳು!"

೨. ಲಾರಿ

ಕಾಪುವಿನವಳು ಗೋಲ್ ಕಾಯುವುದು ಕೈಕಾಲಿನಿಂದ ಅಲ್ಲ, ಬಾಯಿಯಿಂದ. ಅಮ್ಮನ ಮಾರ್ಕೆಟ್ ಗಂಟಲು ಹಾಗೆಯೇ ಮಗಳಿಗೆ ಬಂದಿದೆ. ಚೆಂಡು ಅರ್ಧ ಮೈದಾನ ದಾಟುವ ಮೊದಲೇ ಅದು ಎಲ್ಲಿಗೆ ಬರುತ್ತದೆ ಎಂದು ಅವಳಿಗೆ ಗೊತ್ತಾಗಿ, ತನ್ನ ಮುಂದಿನ ನಾಲ್ವರನ್ನು ಕೂಗಿ ಕೂಗಿ ಅಲ್ಲೇ ನಿಲ್ಲಿಸುತ್ತಿದ್ದಳು. ಕೆಲವು ಪಂದ್ಯಗಳಲ್ಲಿ ಚೆಂಡು ಅವಳ ಬಳಿಗೆ ಬರಲೇ ಇಲ್ಲ. ನಾನು ಬಾಯಿ ತೆರೆದು ನೋಡುತ್ತಿದ್ದೆ.

ಒಮ್ಮೆ ಕಾಪುವಿನಲ್ಲೇ ಪಂದ್ಯ. ಗೋಲಿನ ಹಿಂದೆ ಕಾಂಪೌಂಡ್ ಗೋಡೆ, ಗೋಡೆಯಾಚೆ ರಸ್ತೆ. ಇವಳು ಎಂದಿನಂತೆ, "ಹಿಂದೆ ಬಾ! ಇನ್ನೂ ಹಿಂದೆ! ಬಲಕ್ಕೆ, ಬಲಕ್ಕೆ! ಸಾಕು, ನಿಲ್ಲು!" ಎಂದು ಕೂಗುತ್ತಿದ್ದಳು. ನಮ್ಮ ಹುಡುಗಿಯರು ಸರಿಯಾಗಿ ನಿಂತರು, ಚೆಂಡು ಸಿಕ್ಕಿತು, ಪಂದ್ಯ ಗೆದ್ದೆವು.

ಪಂದ್ಯ ಮುಗಿದಾಗ ಒಬ್ಬ ಲಾರಿ ಡ್ರೈವರ್ ಗೇಟಿನಿಂದ ಒಳಗೆ ಬಂದ. ಹೆಗಲ ಟವಲಿನಿಂದ ಬೆವರು ಒರೆಸುತ್ತಾ, "ಇಲ್ಲಿ ಸೈಡ್ ಹೇಳಿದ್ದು ಯಾರು ಮಾರಾಯ್ರೆ?" ಎಂದು ಕೇಳಿದ. ಜಗಳಕ್ಕೆ ಬಂದನೆಂದು ಹೆದರಿ ನಾನು ಹುಡುಗಿಯ ಮುಂದೆ ನಿಂತೆ.

"ಜಗಳ ಅಲ್ಲ ಟೀಚರೇ. ಗೋಡೆಯಾಚೆಯ ಸಂದಿಗೆ ನಾನು ಮೂರು ಸಲ ಲಾರಿ ರಿವರ್ಸ್ ಹಾಕಿದ್ದೆ, ಮೂರು ಸಲವೂ ಗೋಡೆಗೆ ತಾಗಿತ್ತು. ಇವತ್ತು ಒಂದೇ ಸಲಕ್ಕೆ ಕೂತಿತು. ನಾಳೆ ಇದೇ ಹೊತ್ತಿಗೆ ಇವರಿಗೆ ಆಟ ಉಂಟಾ?"

೩. ಮೂರನೆಯ ವಿಸಿಲ್

ಕಾರ್ಕಳದವಳು ಮಾತೇ ಆಡುವುದಿಲ್ಲ. "ಆಯ್ತು ಮೇಡಂ" ಎಂದರೆ ಅದೇ ಆ ದಿನದ ಭಾಷಣ. ಆದರೆ ಒಬ್ಬಳೇ ಎದುರಾಳಿ ಚೆಂಡು ಹಿಡಿದು ನುಗ್ಗಿ ಬಂದರೆ ಇವಳ ರೆಪ್ಪೆಯೂ ಅಲ್ಲಾಡುವುದಿಲ್ಲ. ಕೊನೆಯ ಕ್ಷಣದಲ್ಲಿ ಒಂದು ಕಾಲು ಚಾಚುತ್ತಾಳೆ, ಅಷ್ಟೆ. ಚೆಂಡು ಅಲ್ಲೇ ಇರುತ್ತದೆ. ಹೇಗೆ ಎಂದು ಕೇಳಿದರೆ ನಗುತ್ತಾಳೆ.

ಅವಳ ಮನೆ ಕಲ್ಲುಕೋರೆಯ ಪಕ್ಕ, ಅಪ್ಪ ಅಲ್ಲೇ ಕೆಲಸಕ್ಕೆ. ಅದರ ಮಹಿಮೆ ನಮಗೆ ತಿಳಿದದ್ದು ಕಾರ್ಕಳದಲ್ಲಿ ನಡೆದ ಅವಳ ಮೊದಲ ಪಂದ್ಯದಲ್ಲಿ. ಅಂಪೈರ್ ನಾಯಕಿಯರನ್ನು ಕರೆಯಲು ಒಂದು ವಿಸಿಲ್ ಊದಿದರು, ಎಲ್ಲರೂ ಜಾಗಕ್ಕೆ ಹೋಗಿ ಎಂದು ಇನ್ನೊಂದು, ಆಟ ಶುರು ಎಂದು ಮೂರನೆಯದು. ಮೂರನೆಯದಕ್ಕೆ ನಮ್ಮ ಕೀಪರ್ ದೊಪ್ಪನೆ ಬೋರಲು ಬಿದ್ದು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು.

ನಾನು ಓಡಿದೆ. ಓಡುತ್ತಾ ಪಕ್ಕಕ್ಕೆ ನೋಡಿದರೆ, ಬೇಲಿಯ ಬಳಿ ಆಟ ನೋಡಲು ಬಂದಿದ್ದ ಅವಳ ಅಪ್ಪ ಮತ್ತು ಕೋರೆಯ ನಾಲ್ಕು ಜನರೂ ಬೋರಲು ಬಿದ್ದಿದ್ದರು!

ಆಮೇಲೆ ಅಪ್ಪ ನಾಚಿಕೊಂಡು ವಿವರಿಸಿದರು. ಕೋರೆಯಲ್ಲಿ ಬಂಡೆ ಸಿಡಿಸುವ ಮೊದಲು ಮೂರು ವಿಸಿಲ್ ಊದುವುದು ಅವರ ಕ್ರಮ. ಮೊದಲನೆಯದಕ್ಕೆ ಎಚ್ಚರ, ಎರಡನೆಯದಕ್ಕೆ ದೂರ ಹೋಗುವುದು, ಮೂರನೆಯದಕ್ಕೆ ನೆಲಕ್ಕೆ. ಸಿಡಿದ ಮೇಲೆ ಉದ್ದಕ್ಕೆ ಒಂದು ಊದಿದರೆ ಏಳಬಹುದು. ಹುಡುಗಿ ತೊಟ್ಟಿಲಲ್ಲಿ ಇದ್ದಾಗಿನಿಂದ ಕೇಳಿದ್ದು. ಅದಕ್ಕೇ ಅಂಪೈರ್ ಸಿಟ್ಟಿನಿಂದ ಉದ್ದಕ್ಕೆ ಊದಿದ ಕೂಡಲೇ ಆರೂ ಜನ ಎದ್ದು ಮಣ್ಣು ಕೊಡವಿಕೊಂಡಿದ್ದರು. ಆ ದಿನ ಅವಳು ಒಂದೇ ಒಂದು ಗೋಲು ಬಿಡಲಿಲ್ಲ.

ಎದುರು ತಂಡದ ಕೋಚ್ ಮೆಲ್ಲಗೆ ನನ್ನ ಬಳಿ ಬಂದರು. "ನಿಮ್ಮಲ್ಲಿ ಆಟಕ್ಕೆ ಮೊದಲು ಭೂಮಿಗೆ ಅಡ್ಡ ಬೀಳುವ ಪದ್ಧತಿ ಉಂಟಾ?"

"ಉಂಟು. ಮನೆಯವರೂ ಬೀಳಬೇಕು" ಎಂದೆ.

೪. ಬಸ್ಸಿನ ಚಿಕಿತ್ಸೆ

ಈ ಅಭ್ಯಾಸ ಬಿಡಿಸಲು ಮುಂದೆ ಬಂದದ್ದು ಯಾರು? ಕಾಪುವಿನವಳು. "ನಾನು ಗುಣ ಮಾಡ್ತೇನೆ ಮೇಡಂ, ನಿಮ್ಮ ವಿಸಿಲ್ ಕೊಡಿ." ತನ್ನ ಜಾಗಕ್ಕೆ ಪೈಪೋಟಿ ಕೊಡುವವಳನ್ನು ತಾನೇ ಸರಿಮಾಡಲು ಹೊರಟವಳನ್ನು ನೋಡಿ ಕೊರಳಿನಿಂದ ವಿಸಿಲ್ ಬಿಚ್ಚಿ ಕೊಟ್ಟೆ.

ಕಾರ್ಕಳದವಳು ಸಂಜೆ ಸಿಟಿ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಅಲ್ಲಿಂದ ಕಾರ್ಕಳದ ಬಸ್ ಹಿಡಿಯುತ್ತಾಳೆ. ಕಾಪುವಿನವಳ ದಾರಿ ಅದಕ್ಕೆ ಪೂರ್ತಿ ಉಲ್ಟಾ. ಆದರೂ ಜೊತೆಗೆ ಹತ್ತಿದಳು. ಕಡಿಯಾಳಿ ದಾಟುತ್ತಿದ್ದಂತೆ ಗೆಳತಿಯ ಕಿವಿಯ ಬಳಿ ಜೋರಾಗಿ ಒಂದು ವಿಸಿಲ್ ಊದಿದಳು. ಬಸ್ ಗಕ್ಕನೆ ನಿಂತಿತು! ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು ಎನ್ನುವುದು ಅವಳಿಗೆ ಆ ಕ್ಷಣದಲ್ಲಿ ಮರೆತೇಹೋಗಿತ್ತು.

ಕಂಡಕ್ಟರ್ ಕಣ್ಣು ಕೆಂಪು ಮಾಡಿಕೊಂಡು ಬಂದ. ಇವಳು ಕೋರೆಯಿಂದ ಶುರುಮಾಡಿ ಶಿಬಿರದವರೆಗೆ ಕಥೆ ಹೇಳಿದಳು. ಬಸ್ಸಿಗೆ ಬಸ್ಸೇ ಕೇಳಿತು. ಕೊನೆಗೆ ಕಂಡಕ್ಟರ್ ತನ್ನ ವಿಸಿಲನ್ನು ಜೇಬಿಗೆ ಹಾಕಿಕೊಂಡು, "ಹಾಗಾದರೆ ನೀನೇ ಊದು. ನನ್ನ ಗಂಟಲಿಗೂ ರಜೆ" ಎಂದ. ಒಂದು ವಾರ ಆ ಬಸ್ಸಿನ ವಿಸಿಲ್ ಕಾಪುವಿನವಳದ್ದೇ. ಪ್ರತಿ ಸ್ಟಾಪಿನಲ್ಲೂ ಜನ ಎದ್ದು ನಿಂತು ಕಾರ್ಕಳದವಳನ್ನು ನೋಡುತ್ತಿದ್ದರು, "ಬಗ್ಗಲಿಲ್ಲ, ಬಗ್ಗಲಿಲ್ಲ!" ಎಂದು ಒಬ್ಬರು ಅಜ್ಜಿ ಚಪ್ಪಾಳೆ ತಟ್ಟುತ್ತಿದ್ದರು.

ಹುಡುಗಿ ಗುಣವಾದಳು. ಮರುವಾರ ಕಂಡಕ್ಟರ್ ದಾರಿಯಲ್ಲಿ ನನ್ನನ್ನು ತಡೆದು ಕೇಳಿದ: "ಟೀಚರೇ, ನಿಮ್ಮ ತಂಡದಲ್ಲಿ ಬೇರೆ ಯಾರಿಗೂ ಈ ಕಾಯಿಲೆ ಇಲ್ವಾ?"

೫. ದೇವಿಯ ತಲೆಬಿಸಿ

ನಾವು ಫೈನಲ್ ತಲುಪಿದೆವು. ನನ್ನ ನಿದ್ದೆ ಹೋಯಿತು. ಒಬ್ಬಳ ಹೆಸರು ಬರೆದರೆ ಇನ್ನೊಬ್ಬಳ ಮುಖ ಕಣ್ಣಮುಂದೆ ಬರುತ್ತಿತ್ತು. ಕೊನೆಗೆ ಯಾರಿಗೂ ಹೇಳದೆ ಕಡಿಯಾಳಿಯ ದೇವಸ್ಥಾನಕ್ಕೆ ಹೋದೆ. ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಕಾಪು, ಎಡಕ್ಕೆ ಬಿದ್ದರೆ ಕಾರ್ಕಳ ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ಅರ್ಚಕರಲ್ಲಿ ಹೂವಿನ ಪ್ರಸಾದ ಕೇಳಿಕೊಡಿ ಎಂದೆ. ವಿಷಯವನ್ನೂ ಹೇಳಿದೆ.

ಅರ್ಚಕರು ತಟ್ಟೆ ಕೆಳಗಿಟ್ಟರು. "ಟೀಚರೇ, ಮೊನ್ನೆ ಕಾಪುವಿನಿಂದ ಒಬ್ಬರು ಅಮ್ಮ ಬಂದು ಮಗಳೇ ಆಡಬೇಕು ಎಂದು ಹೂವಿನ ಪೂಜೆ ಹೇಳಿ ಹೋದರು. ನಿನ್ನೆ ಕಾರ್ಕಳದಿಂದ ಒಬ್ಬರು ಅಪ್ಪ ಬಂದು ಅದನ್ನೇ ಹೇಳಿದರು. ಇವತ್ತು ನೀವು. ದೇವಿಗೆ ಎಷ್ಟು ಅಂತ ತಲೆಬಿಸಿ ಕೊಡುವುದು?"

"ಮತ್ತೆ ನಾನೆಂತ ಮಾಡಲಿ ಭಟ್ರೇ?"

"ಸಂಬಳ ತೆಗೆದುಕೊಳ್ಳುವುದು ನೀವಾ, ದೇವಿಯಾ?"

೬. ನಾಡಿ

ಕಾಪುವಿನವಳ ಹೆಸರು ಬರೆದೆ. ನಮ್ಮ ಹಿಂದಿನ ಸಾಲಿನ ಇಬ್ಬರು ಹೊಸಬರು, ಅವರಿಗೆ ಅವಳ ಬಾಯಿ ಬೇಕಿತ್ತು. ಕಾರ್ಕಳದವಳಿಗೆ ಹೇಳಿದಾಗ "ಆಯ್ತು ಮೇಡಂ" ಎಂದು ಕೂತು ಗೆಳತಿಯ ಕಾಲಿಗೆ ಪ್ಯಾಡ್ ಕಟ್ಟತೊಡಗಿದಳು. ಅದನ್ನು ನೋಡಲಾಗದೆ ನಾನು ನೀರಿನ ಬಾಟಲಿಗಳನ್ನು ಎಣಿಸುತ್ತಾ ನಿಂತೆ.

ಪಂದ್ಯ ಮಣಿಪಾಲದಲ್ಲಿ, ವೈದ್ಯಕೀಯ ವಿದ್ಯಾರ್ಥಿನಿಯರ ತಂಡದೊಡನೆ. ಆಯ್ಕೆಗಾರರು ಗಂಭೀರವಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಾಪುವಿನವಳು ಕೂಗಿ ಕೂಗಿ ಗೋಡೆ ಕಟ್ಟಿದಳು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯಿತು. ಇನ್ನು ಶೂಟೌಟ್: ಅಂಪೈರ್ ವಿಸಿಲ್ ಊದಿದ ಮೇಲೆ ಎದುರಾಳಿ ಒಬ್ಬಳೇ ಚೆಂಡು ತಂದು ಎಂಟು ಸೆಕೆಂಡಿನೊಳಗೆ ಗೋಲ್ ಹೊಡೆಯಬೇಕು, ಎದುರಿಗೆ ಕೀಪರ್ ಒಬ್ಬಳೇ. ಪ್ರತಿ ತಂಡಕ್ಕೆ ಐದು ಅವಕಾಶ.

ಕಾಪುವಿನವಳು ನೆಟ್ಟಗೆ ಬಂದು ಹೆಲ್ಮೆಟ್ ತೆಗೆದು ಆಯ್ಕೆಗಾರರ ಪಕ್ಕದ ಕುರ್ಚಿಯ ಮೇಲಿಟ್ಟಳು. "ಮೇಡಂ, ನನ್ನದು ಬಾಯಿಯ ಆಟ. ಮುಂದೆ ನಾಲ್ಕು ಜನ ಇದ್ದರೆ ನನಗೆ ಹೇಳಲಿಕ್ಕೆ ಉಂಟು. ಒಬ್ಬಳ ಎದುರು ಒಬ್ಬಳು ಅಂದರೆ ಅವಳೇ ಆಗಬೇಕು."

"ಆಯ್ಕೆಗಾರರು ನೋಡ್ತಾ ಇದ್ದಾರೆ ಮಾರಾಯ್ತಿ!"

"ನೋಡಲಿ. ಸೋತರೂ ನೋಡ್ತಾರಲ್ಲ?"

ನನ್ನ ಕಣ್ಣು ತುಂಬಿತು. ಇಡೀ ತಂಡ ಮುತ್ತಿಕೊಂಡು, ಕಾಲು ಗಂಟೆಯ ಕೆಲಸವನ್ನು ಮೂರು ನಿಮಿಷದಲ್ಲಿ ಮುಗಿಸಿ ಕಾರ್ಕಳದವಳನ್ನು ಗೋಲಿಗೆ ಕಳಿಸಿತು.

ಅವಳು ಕಾದಳು. ಎದುರಿನವರ ನಾಲ್ಕು ಅವಕಾಶಗಳಲ್ಲಿ ಮೂರನ್ನು ತಡೆದಳು. ನಮ್ಮ ಐದೂ ಮುಗಿದು ನಾವು ಒಂದು ಗೋಲು ಮುಂದೆ. ಅವರಿಗೆ ಉಳಿದದ್ದು ಒಂದೇ. ಚೆಂಡಿನ ಬಳಿ ಅವರ ನಾಯಕಿ, ಉತ್ತರ ಭಾರತದ ಹುಡುಗಿ.

ಆಗ ಗೋಲಿನ ಹಿಂದೆ ಜನ ನುಗ್ಗಿದರು. ಅವರನ್ನು ಸರಿಸಲು ಅಂಪೈರ್ ಒಂದು ವಿಸಿಲ್ ಊದಿದರು. ಸಮಯ ನೋಡುವವರಿಗೆ ಸೂಚನೆಯಾಗಿ ಎರಡನೆಯದು. ನನ್ನ ಪಕ್ಕದಲ್ಲಿದ್ದ ಕಾಪುವಿನವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. "ಅಯ್ಯೋ ದೇವರೇ! ಬಸ್ಸಿನಲ್ಲಿ ಎರಡರವರೆಗೆ ಮಾತ್ರ ಉಂಟು ಮೇಡಂ, ಮೂರು ಕಲಿಸಲೇ ಇಲ್ಲ!"

ಮೂರನೆಯದು ಬಿತ್ತು. ನಮ್ಮ ಕೀಪರ್ ಬೋರಲು.

ಚೆಂಡು ತಂದ ಹುಡುಗಿ ಎದುರಿಗೆ ಬಂದು ನೋಡಿದಳು. ಖಾಲಿ ಗೋಲು, ನೆಲದಲ್ಲಿ ಕದಲದ ಮೈ. ಅವಳು ಸ್ಟಿಕ್ ಬಿಸಾಡಿ ಮಂಡಿಯೂರಿ ಕೂತಳು. ರೋಗಿಗಳನ್ನು ಮಾತಾಡಿಸಲೆಂದು ವಾರ್ಡಿನಲ್ಲಿ ಕಲಿತ ಕನ್ನಡದಲ್ಲಿ, "ನೋವು ಎಲ್ಲಿ ಉಂಟು?" ಎಂದು ಕೇಳುತ್ತಾ ಗ್ಲೌಸ್ ಎಳೆದು ತೆಗೆದು ನಾಡಿ ಹಿಡಿದಳು. ಎಂಟು ಸೆಕೆಂಡು ಕಳೆಯಿತು. ಅಂಪೈರ್ ಉದ್ದಕ್ಕೆ ಊದಿದರು. ಕಾರ್ಕಳದವಳು ಎದ್ದು ಮಣ್ಣು ಕೊಡವಿ, "ಸಿಡಿಯಿತಾ?" ಎಂದು ಕೇಳಿದಳು.

ನಮ್ಮವರು ಕುಣಿಯತೊಡಗಿದರು. ಅವಳು ಮಾತ್ರ ಕೈಯೆತ್ತಿ ಅಂಪೈರ್ ಬಳಿಗೆ ಹೋದಳು. "ಸರ್, ಅವರು ನನಗೋಸ್ಕರ ನಿಂತದ್ದು. ಇನ್ನೊಮ್ಮೆ ಹೊಡೆಯಲಿ. ಆದರೆ ವಿಸಿಲ್ ಒಂದೇ ಊದಿ." ಮೂರು ವರ್ಷದಲ್ಲಿ ನಾನು ಅವಳಿಂದ ಕೇಳಿದ ಅತಿ ಉದ್ದದ ಮಾತು ಅದು. ನನ್ನ ಜೀವ ಬಾಯಿಗೆ ಬಂತು. ಅಂಪೈರ್ ಎರಡೂ ತಂಡಗಳನ್ನು ಕೇಳಿ ಒಪ್ಪಿದರು, ಒಂದೇ ಊದಿದರು. ಆ ಹುಡುಗಿ ಮಿಂಚಿನಂತೆ ಬಂದಳು. ಕಾರ್ಕಳದವಳು ಒಂದು ಕಾಲು ಚಾಚಿದಳು. ಚೆಂಡು ಅಲ್ಲೇ ಇತ್ತು.

ಗೆದ್ದ ಗದ್ದಲದ ನಡುವೆ ನಾನು ಆಯ್ಕೆಗಾರರ ಮುಂದೆ ಕೈಕಟ್ಟಿ ನಿಂತೆ. ಅವರು ಕುರ್ಚಿಯನ್ನು ಅಷ್ಟು ದೂರ ಸರಿಸಿಕೊಂಡು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಕಣ್ಣೂ ಒದ್ದೆಯಾಗಿತ್ತು. ಮನಸ್ಸು ಕರಗಿ ಬಂದದ್ದೋ ಪಕ್ಕದಲ್ಲಿ ಇಟ್ಟು ತೆಗೆದ ಹೆಲ್ಮೆಟ್ಟಿನ ವಾಸನೆಗೆ ಬಂದದ್ದೋ ನನಗೆ ತಿಳಿಯಲಿಲ್ಲ.

"ಒಬ್ಬಳು ಎಂದಿದ್ದೆ" ಎಂದರು. "ಇದನ್ನು ನೋಡಿದ ಮೇಲೆ ಒಬ್ಬಳನ್ನು ಬಿಟ್ಟುಹೋದರೆ ನನಗೆ ಊಟ ಸೇರುವುದಿಲ್ಲ. ಇಬ್ಬರನ್ನೂ ಕಳಿಸಿ."

ನಾನು ಕೈಮುಗಿದೆ. ಅವರು ಎದ್ದು ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿದರು.

"ಕಿಟ್ ಮಾತ್ರ ಬೇಡ ಮಾರಾಯ್ರೆ. ಅದು ಇಲ್ಲೇ ಇರಲಿ."