ಅಪ್ಪನ ಅಂಬಾಸಿಡರಿನ ಸ್ಟೀರಿಂಗ್ ಬಿಚ್ಚಿದ್ದು

ಮುಚ್ಚಿದ್ದನ್ನು ಕಂಡರೆ ಬಿಚ್ಚಿ ನೋಡಬೇಕು ಅನ್ನುವ ಚಟ ನನಗೆ ಹುಟ್ಟಿನಿಂದಲೇ ಬಂದದ್ದು. ಅದಕ್ಕೆ ಕುತೂಹಲ ಎಂಬ ಮರ್ಯಾದಸ್ಥ ಹೆಸರನ್ನು ನಾನೇ ಇಟ್ಟುಕೊಂಡಿದ್ದೇನೆ. ಮನೆಯವರು ಇಟ್ಟಿರುವ ಹೆಸರುಗಳು ಬೇರೆ, ಅವನ್ನು ಇಲ್ಲಿ ಬರೆಯುವುದು ಬೇಡ. ಏಳನೇ ವಯಸ್ಸಿನಲ್ಲಿ ನಡುಮನೆಯ ಗೋಡೆ ಗಡಿಯಾರ ಬಿಚ್ಚಿದೆ. ಮತ್ತೆ ಜೋಡಿಸಿದ ಮೇಲೆ ಎರಡು ತಿರುಪು, ಒಂದು ಪುಟ್ಟ ಗಾಲಿ ಮಿಕ್ಕವು. ಗಡಿಯಾರವೇನೋ ಓಡಿತು, ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಹದಿನೇಳು ಹೊಡೆಯಿತು. ಅಜ್ಜಿ ಕಿವಿ ಹಿಂಡಲಿಲ್ಲ. ಮಿಕ್ಕ ತಿರುಪುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಬಿಚ್ಚೋಕೆ ಕೈ ಇದ್ರೆ ಸಾಕು ಮಗ, ಕಟ್ಟೋಕೆ ಕಣ್ಣೂ ಬೇಕು" ಅಂದಳು. ಅಜ್ಜಿಯ ಮಾತುಗಳೆಲ್ಲ ಹೀಗೇ. ಕೇಳಿದ ದಿನ ಹೊಟ್ಟೆಗೆ ಇಳಿಯುತ್ತಿರಲಿಲ್ಲ, ನಲವತ್ತು ದಾಟಿದ ಮೇಲೆ ಒಂದೊಂದೇ ಅರಗುತ್ತಿವೆ.

ನಾನು ತಿ. ನರಸೀಪುರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅಪ್ಪ ಬೆಲ್ಲದ ಮಂಡಿ ಇಟ್ಟಿದ್ದವರು. ವ್ಯಾಪಾರ ಬಿಟ್ಟರೂ ಕಾರು ಬಿಡಲಿಲ್ಲ. ಅದು ಹಳೆಯ ಅಂಬಾಸಿಡರ್. ಒಂದು ಕಾಲಕ್ಕೆ ಬಿಳಿ ಇದ್ದದ್ದು, ನಾನು ಹೇಳುವ ಹೊತ್ತಿಗೆ, ಅಂದರೆ ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು, ಅಚ್ಚುಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಪ್ರತಿ ಸೋಮವಾರ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ನಂಜುಂಡೇಶ್ವರನಿಗೆ ಕೈಮುಗಿದು ಬರುವುದು ಅಪ್ಪನ ವ್ರತ. ಆ ವರ್ಷ ಇದ್ದಕ್ಕಿದ್ದಂತೆ ಹಾರನ್ ಸತ್ತುಹೋಯಿತು. ಅಪ್ಪ ಅಷ್ಟಕ್ಕೆಲ್ಲ ಹೆದರುವವರಲ್ಲ. ಕಿಟಕಿಯಿಂದ ತಲೆ ಆಚೆ ಹಾಕಿ, "ಸರೀರಪ್ಪೋ, ಸರೀರವ್ವೋ" ಎಂದು ಕೂಗಿಕೊಂಡು ಎರಡು ಸೋಮವಾರ ಓಡಿಸಿದರು. ಎರಡನೆಯ ಸಲ ಕಬ್ಬಿನ ಗಾಡಿಯ ಎತ್ತು ಇವರ ದನಿಗೆ ಬೆದರಿ ನಾಲೆ ಏರಿ ಹತ್ತಿತಂತೆ. ಮನೆಗೆ ಬಂದವಳೇ ಅವ್ವ ಖಡಾಖಂಡಿತ ಹೇಳಿಬಿಟ್ಟಳು: "ಬಾಯಲ್ಲಿ ಹಾರನ್ ಹೊಡೆಯೋ ಗಂಡನ ಪಕ್ಕ ಇನ್ಮೇಲೆ ನಾನು ಕೂರಲ್ಲ. ನನಗೆ ಬಸ್ಸಿದೆ."

ಮುಂದಿನ ಸೋಮವಾರ ಅವ್ವ ಬಸ್ಸು ಹತ್ತಿದಳು. ಅಪ್ಪ ಕಾರಿನಲ್ಲಿ ಆ ಬಸ್ಸಿನ ಹಿಂದೆಯೇ ಹೋದರು. ಬಸ್ಸಿನ ಹಾರನ್ನಿಗೆ ರಸ್ತೆ ತೆರವಾಗುತ್ತಿತ್ತು, ಆ ತೆರವಿನಲ್ಲಿ ಅಂಬಾಸಿಡರ್ ನುಗ್ಗುತ್ತಿತ್ತು. ಬಸ್ಸು ನಿಂತಲ್ಲೆಲ್ಲ ಇವರೂ ನಿಲ್ಲಬೇಕು. ಕಂಡಕ್ಟರು ಹಿಂದಿನ ಬಾಗಿಲಲ್ಲಿ ನಿಂತು, "ಯಜಮಾನ್ರೇ, ನಿಮಗೂ ಒಂದು ಟಿಕೆಟ್ ಹರೀಲಾ?" ಎಂದು ಕೇಳಿದನಂತೆ. ಮೂರು ವಾರ ಹೀಗೇ ನಡೆಯಿತು. ನಮಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಮನೆಯೊಳಗೆ ಏನೋ ಕಡಿಮೆಯಾಗಿದೆ ಅನ್ನಿಸತೊಡಗಿತು. ಅಪ್ಪನಿಗೆ ಪೇಪರು, ಅವ್ವನಿಗೆ ಅಡುಗೆಮನೆ. ಇಬ್ಬರೂ ಮೊದಲಿಂದಲೂ ಮಾತು ಕಡಿಮೆ ಎಂದೇ ನಾವು ತಿಳಿದಿದ್ದೆವು. ಅವರ ವಾರದ ಮಾತೆಲ್ಲ ಸೋಮವಾರದ ಆ ಹಾದಿಯಲ್ಲೇ ನಡೆಯುತ್ತಿತ್ತು ಅನ್ನುವುದನ್ನು ಕಂಡುಹಿಡಿದವಳು ನನ್ನ ಹೆಂಡತಿ ಗಿರಿಜಾ. "ರೀ, ಅತ್ತೆ ಮೂರು ವಾರದಿಂದ ಮಾವನ ಹತ್ರ ಉಪ್ಪು ಬೇಕಾ ಅಂತ ಬಿಟ್ಟರೆ ಇನ್ನೇನೂ ಕೇಳಿಲ್ಲ. ಮೊದಲು ಆ ಹಾರನ್ ರಿಪೇರಿ ಮಾಡಿಸಿ."

ಗ್ಯಾರೇಜಿನವನು ಬಂದು ನೋಡಿದ. ಹಾರನ್ನಿನ ತಂತಿ ಸ್ಟೀರಿಂಗ್ ಚಕ್ರದ ಅಡಿಯಲ್ಲಿ ಎಲ್ಲೋ ಕಡಿದಿದೆ, ಚಕ್ರ ಬಿಚ್ಚದೆ ಕೈ ಹೋಗುವುದಿಲ್ಲ. ಚಕ್ರವೋ ತುಕ್ಕು ಹಿಡಿದು ಕಚ್ಚಿ ಕೂತಿದೆ, ಗರಗಸದಲ್ಲಿ ಕೊಯ್ದು ಹೊಸದು ಹಾಕೋಣ ಅಂದ. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ವರ್ಷ ವರ್ಷ ಆಯುಧ ಪೂಜೆ ಮಾಡಿದ ಚಕ್ರಕ್ಕೆ ಗರಗಸ ಹಾಕ್ತೀಯೇನಯ್ಯಾ?" ಅವನು ಹೋದ. ಆ ಹೊತ್ತಿನಲ್ಲಿ ಸುಮ್ಮನಿರಬೇಕಾಗಿದ್ದ ನಾನು ಸುಮ್ಮನಿರಲಿಲ್ಲ. "ಭಾನುವಾರ ನಾನೇ ಬಿಚ್ಚಿಕೊಡ್ತೀನಿ. ಸೋಮವಾರ ನೀವಿಬ್ಬರೂ ಕಾರಲ್ಲೇ ಹೋಗಿ" ಅಂದೆ. ಹದಿನೈದು ವರ್ಷ ಘರ್ಷಣೆಯ ಪಾಠ ಮಾಡಿದವನಿಗೆ ಒಂದು ಚಕ್ರ ಯಾವ ಲೆಕ್ಕ?

ಭಾನುವಾರ ತಿಂಡಿ ಆದಮೇಲೆ ಕಾರಿನೊಳಗೆ ಕೂತೆ. ನಡುವಿನ ಹಾರನ್ ಗುಂಡಿಯನ್ನು ಮೀಟಿ ತೆಗೆದೆ ನೋಡಿ, ಅಲ್ಲಿ ಕಂಡ ಲೋಕಕ್ಕೆ ಬಂದ ಕೆಲಸವೇ ಮರೆತುಹೋಯಿತು. ಅರಿಸಿನ, ವಿಭೂತಿ, ಕುಂಕುಮ ಒಂದರ ಮೇಲೊಂದು ಪದರಪದರವಾಗಿ ಗಟ್ಟಿಕಟ್ಟಿವೆ. ನಡುನಡುವೆ ಒಣಗಿದ ಸೇವಂತಿಗೆ ಎಸಳು, ನಾಲ್ಕಾರು ಅಕ್ಷತೆ ಕಾಳು, ಅರ್ಧ ಬಿಲ್ವಪತ್ರೆ. ಒಂದೊಂದು ಪದರ ಒಂದೊಂದು ವರ್ಷದ ಹಬ್ಬ. ನಾನು ಹಳೆಯ ಊರನ್ನು ಅಗೆಯುವವನ ಹಾಗೆ ಚಾಕುವಿನ ತುದಿಯಲ್ಲಿ ಕೆರೆಯುತ್ತ, ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಗಣಿತ ಹೋದ ವರ್ಷ ಯಾವ ಪದರವಿರಬಹುದು ಎಂದು ಹುಡುಕಿದೆ. ಎಲ್ಲಕ್ಕಿಂತ ಅಡಿಯಲ್ಲಿ, ಸ್ಟೀರಿಂಗ್ ರಾಡಿನ ತಲೆಯ ಮೇಲಿಂದ ಚಕ್ರದ ನಡುವಿನ ಗುಂಬದವರೆಗೆ ಕುಂಕುಮದ ಒಂದು ಗೆರೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಅಪ್ಪನ ಮನೆಯಲ್ಲಿ ಕುಂಕುಮದ ನೀರು ಕೂಡ ನೆಟ್ಟಗೇ ಹರಿಯುತ್ತದಲ್ಲ ಎಂದು ನನ್ನಷ್ಟಕ್ಕೆ ನಕ್ಕು, ಎಲ್ಲವನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಕನ್ನಡಿಯ ಹಾಗೆ ಮಾಡಿದೆ.

ತುಕ್ಕಿನ ಗುಟ್ಟು ಆಗ ಹೊಳೆಯಿತು. ಅಪ್ಪ ಕಾರಿನ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ ಮಾಡುತ್ತಿದ್ದರು. ಅವರಿಗೆ ವಿವರಿಸಿದೆ: "ಅಪ್ಪಾ, ನಿಂಬೆಹಣ್ಣು ಆಮ್ಲ. ಕಾಯಿ ನೀರಲ್ಲಿ ಲವಣ. ಎರಡೂ ವರ್ಷಾ ವರ್ಷಾ ಪೂಜೆ ದಿನ ಇಲ್ಲಿ ಇಳಿದು ಕಬ್ಬಿಣ ತಿಂದಿವೆ. ಇದನ್ನ ಹಿಡಿಸಿರೋದು ನಿಮ್ಮ ಭಕ್ತಿಯೇ."

"ಹಿಡಿದದ್ದು ಇಷ್ಟು ವರ್ಷ ಬಿಟ್ಟಿಲ್ಲ ಅಂದ್ಮೇಲೆ ಭಕ್ತಿ ಗಟ್ಟಿ ಅಂತಾಯ್ತಲ್ಲ" ಅಂದರು ಅಪ್ಪ.

ನಟ್ಟು ಸಡಿಲಿಸಲು ಪಾನಾಕ್ಕೆ ಮೂರಡಿ ಪೈಪು ಸಿಕ್ಕಿಸಿ, ಸನ್ನೆಕೋಲಿನ ತತ್ವವನ್ನು ಅಪ್ಪನಿಗೆ ಬಿಡಿಸಿ ಹೇಳಿ ಎಳೆದೆ. ಬಂತು. ನಟ್ಟನ್ನು ಪೂರ್ತಿ ತೆಗೆದು ಜೇಬಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ಚಕ್ರ ಹಿಡಿದು ಎಳೆದೆ. ಬರಲಿಲ್ಲ. ಪೆಡಲಿಗೆ ಕಾಲು ಕೊಟ್ಟು ಎಳೆದೆ. ಇಡೀ ಕಾರು ಕಿರುಗುಟ್ಟಿತು, ಚಕ್ರ ಮಿಸುಕಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋದರು. ಅವ್ವ ಅಡುಗೆಮನೆಯ ಕಿಟಕಿಯಿಂದಲೇ, "ಹಲಸಿನ ಹಣ್ಣು ಬಿಡಿಸೋಕೆ ಎಣ್ಣೆ ಸವರ್ತಾರೆ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದಳು. ಗಿರಿಜಾ ಕಾಫಿ ತಂದವಳು ಒಂದು ಗಳಿಗೆ ನೋಡಿ, "ಲೋಟದೊಳಗೆ ಲೋಟ ಸಿಕ್ಕಿಕೊಂಡ್ರೆ ಹೊರಗಿನದಕ್ಕೆ ಬಿಸಿನೀರು, ಒಳಗಿನದಕ್ಕೆ ತಣ್ಣೀರು. ಇದಕ್ಕೂ ಹಾಗೇ ಮಾಡಬಾರದಾ?" ಅಂದಳು. ಒಂಬತ್ತನೇ ಕ್ಲಾಸಿಗೆ ನಾನು ಮಾಡುವ ಪಾಠವೇ ಅದು. ಆದರೆ ಪುಸ್ತಕದಲ್ಲಿ ಇರುವುದು ಕಬ್ಬಿಣದ ಗುಂಡು ಮತ್ತು ಬಳೆ. ಲೋಟ ಇಲ್ಲವಾದ್ದರಿಂದ ನನಗೆ ಹೊಳೆದಿರಲಿಲ್ಲ.

ಗುಂಬದ ಸುತ್ತ ಬಿಸಿನೀರಿನ ಬಟ್ಟೆ ಸುತ್ತಿ ಎಳೆಯುತ್ತಿದ್ದೆ. ಅಷ್ಟರಲ್ಲಿ ಹೆಮ್ಮಿಗೆಯ ಮಹದೇವ ಬಂದ. ಐವತ್ತರ ಆಸುಪಾಸಿನ ಆಸಾಮಿ, ಸುತ್ತಮುತ್ತಲ ಟ್ರ್ಯಾಕ್ಟರುಗಳಿಗೆಲ್ಲ ಅವನೇ ಧನ್ವಂತರಿ. ಸೈಕಲ್ಲು ನಿಲ್ಲಿಸಿ, ಒಳಗೆ ಇಣುಕಿ, ಹಣೆ ಚಚ್ಚಿಕೊಂಡ.

"ಅಯ್ಯೋ ಸಾ! ನಟ್ಟು ಪೂರ್ತಿ ತಗದ್ಬುಟ್ಟು ಎಳೀತಾ ಇದ್ದೀರಲ್ಲ! ಚಕ್ರ ಎದ್ದು ಬಂದಿದ್ರೆ ನಿಮ್ಮ ಮೂಗು ಎಲ್ಲಿಗೆ ಓಗದು?"

ನಾನು ಜೇಬಿನಿಂದ ನಟ್ಟು ತೆಗೆದು ಕೊಟ್ಟೆ. ಅವನು ಅದನ್ನು ರಾಡಿನ ತಲೆಗೆ ನಾಲ್ಕು ಸುತ್ತು ತಿರುಗಿಸಿ ಬಿಟ್ಟ. "ಇಷ್ಟು ಇರ್ಲಿ, ತಡೆಯಾಕೆ. ನೀವು ಅಡಿಯಿಂದ ಮಂಡೀಲಿ ಒತ್ತಿ. ಮ್ಯಾಲೆ ಮರದ ತುಂಡು ಮಡಗಿ ಇನ್ನೊಬ್ರು ಸುತ್ಗೇಲಿ ತಟ್ಟಬೇಕು. ಒಡೆಯಾದಲ್ಲ ಸಾ, ತಟ್ಟಾದು. ಮಲಗಿದ್ದ ಎಮ್ಮೆ ಎಬ್ಬುಸ್ತೀವಲ್ಲ, ಅಂಗೆ."

ಮಹದೇವ ಸುತ್ತಿಗೆಗೆ ಕೈ ಹಾಕುವಷ್ಟರಲ್ಲಿ ಅಪ್ಪ ಎದ್ದು ಬಂದರು. "ಕೊಡಿಲ್ಲಿ. ಪೂಜೆ ಮಾಡಿದೋನು ನಾನು, ಏಟು ಹಾಕೋನೂ ನಾನೇ." ಒಂದು ಊದುಬತ್ತಿ ಹಚ್ಚಿ ಕಾರಿನ ಕಿಟಕಿಗೆ ಸಿಕ್ಕಿಸಿ, ಕೆನ್ನೆ ಮುಟ್ಟಿಕೊಂಡು, "ನಂಜುಂಡಾ" ಎಂದು ತಟ್ಟಿದರು. ಒಂದು. ಎರಡು. ಮೂರನೆಯದಕ್ಕೆ 'ಟಕ್' ಎಂದು ಸದ್ದಾಗಿ ಚಕ್ರ ಸಡಿಲಾಯಿತು, ನಟ್ಟು ತೆಗೆದದ್ದೇ ನನ್ನ ಮಂಡಿಯ ಮೇಲೆ ಕೂಸಿನ ಹಾಗೆ ಬಂದು ಕೂತಿತು. ಮಹದೇವ ಕಾಫಿ ಕುಡಿದು, "ಇನ್ನು ಕೂರ್ಸೋದು ನಿಮಗೇ ಗೊತ್ತಲ್ಲ ಸಾ" ಅಂದ. ಗೊತ್ತು ಅಂದೆ. ಅವನು ಹೊರಟುಹೋದ.

ಕಡಿದಿದ್ದ ತಂತಿ ಜೋಡಿಸಿದೆ. ಹಾರನ್ನಿಗೆ ಕರೆಂಟು ಮುಟ್ಟಿಸುವ ಹಿತ್ತಾಳೆ ಬಳೆಯನ್ನು ಉಪ್ಪುಕಾಗದದಲ್ಲಿ ತಿಕ್ಕಿದೆ. ಚಕ್ರವನ್ನು ರಾಡಿನ ಹಲ್ಲುಗಳ ಮೇಲೆ ಇಟ್ಟು, ಅದರ ಕಡ್ಡಿಗಳು ಎಡಕ್ಕೂ ಬಲಕ್ಕೂ ಸಮವಾಗಿರುವಂತೆ ಒಂದು ಕಣ್ಣು ಮುಚ್ಚಿ ನೋಡಿ, ನಟ್ಟು ಬಿಗಿದೆ. ಹಾರನ್ ಒತ್ತಿದೆ. ಪೋಂ ಅಂದಿತು. ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು.

ಸೋಮವಾರ ಬೆಳಿಗ್ಗೆ ಅವ್ವ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಅಪ್ಪ ಚಕ್ರವನ್ನು ನೆಟ್ಟಗೆ ಹಿಡಿದು ಕಾರನ್ನು ಬೀದಿಗೆ ಇಳಿಸಿದರು. ಕಾರು ಮಾತ್ರ ನೆಟ್ಟಗೆ ಎದುರುಮನೆಯ ಹುಲ್ಲಿನ ಮೆದೆಯ ಕಡೆ ಹೊರಟಿತು. "ರೀ, ರೀ, ಎಲ್ಲಿಗ್ರೀ?" ಎಂದು ಅವ್ವ ಕೂಗಿದಳು. ಅಪ್ಪ ಬ್ರೇಕು ಒತ್ತಿ, ಇಳಿದು ಮುಂದಿನ ಗಾಲಿ ನೋಡಿದರು, ಒಳಗಿನ ಚಕ್ರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಶೆಡ್ಡಿನಲ್ಲಿ ಕಾರು ನಿಂತಾಗ ಅದರ ಗಾಲಿಗಳು ಚರಂಡಿ ತಪ್ಪಿಸಲು ಬಲಕ್ಕೆ ತಿರುಗಿದ್ದವು ಎಂಬುದು ನನಗೆ ಆಗ ನೆನಪಾಯಿತು. ನಾನು ಗಾಲಿ ನೋಡದೆ ಬರೀ ಚಕ್ರವನ್ನು ನೆಟ್ಟಗೆ ಕೂರಿಸಿದ್ದೆ.

"ಲೇ, ರಾಡಿನ ತಲೆ ಮೇಲೆ ಕುಂಕುಮದ ಗೆರೆ ಇತ್ತಲ್ಲ? ಅದಕ್ಕೆ ಸರಿಯಾಗಿ ತಾನೆ ಕೂರಿಸಿದ್ದು?"

"ಅದನ್ನ… ಉಜ್ಜಿ ತೊಳೆದುಬಿಟ್ಟೆ ಅಪ್ಪಾ. ಪೂಜೆ ಕುಂಕುಮ ಅಂದ್ಕೊಂಡೆ."

"ಗುರುತು ಕಣೋ ಅದು. ಕಾರು ತಂದ ವರ್ಷ ಒಂದ್ಸಲ ನಾನೇ ಬಿಚ್ಚಿದ್ದೆ. ಮತ್ತೆ ಕೂರಿಸುವಾಗ ಹಲ್ಲು ತಪ್ಪಬಾರದು ಅಂತ ಕುಂಕುಮಕ್ಕೆ ಎಣ್ಣೆ ಕಲಸಿ ಎಳೆದಿದ್ದೆ."

"ನಿನ್ನೆಯೇ ಹೇಳಬಾರದಿತ್ತಾ?"

"ನೀನು ನಿಂಬೆಹಣ್ಣಿನ ಪಾಠ ಮಾಡ್ತಿದ್ದೆ. ಮೇಷ್ಟ್ರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಅಂತ ಸುಮ್ಮನಿದ್ದೆ."

ಕಾರಿನೊಳಗಿಂದ ಅವ್ವ, "ಹಾರನ್ ಆಗುತ್ತೋ ಇಲ್ವೋ, ಅದು ಹೇಳಿ" ಅಂದಳು. ಅಪ್ಪ ಒತ್ತಿದರು. ಪೋಂ. "ಮತ್ತೇನು? ಚಕ್ರ ಸೊಟ್ಟಗಿದ್ರೆ ಇರಲಿ, ಕಾರು ನೆಟ್ಟಗೆ ಹೋದ್ರೆ ಸಾಕು. ಹತ್ತಿ, ಹೊತ್ತಾಯ್ತು." ಅಪ್ಪ ಚಕ್ರವನ್ನು ಎಡಕ್ಕೆ ಓರೆಯಾಗಿ ಹಿಡಿದರು, ಕಾರು ನೆಟ್ಟಗೆ ಹೊರಟಿತು. ತಿರುವು ದಾಟುವ ಮೊದಲೇ ಹಿಂದಿನ ಗಾಜಿನಲ್ಲಿ ಅವ್ವನ ಕೈ ಆಡುತ್ತಿರುವುದು ಕಂಡಿತು. ಮೂರು ವಾರದ ಬಾಕಿ ಮಾತು, ನಂಜನಗೂಡಿನ ಹಾದಿ ಸಾಲದೇ ಹೋಗಿರಬೇಕು.

ಅಂದಿನಿಂದ ಅಪ್ಪನ ಕಾರು ಓರೆ ಚಕ್ರದಲ್ಲೇ ಓಡುತ್ತಿದೆ. ಅಪ್ಪನಿಗೆ ಒಗ್ಗಿಹೋಗಿದೆ. ಯಾರಾದರೂ ಕೇಳಿದರೆ, "ನಮ್ಮ ವಿಜ್ಞಾನದ ಮೇಷ್ಟ್ರು ಕೂರಿಸಿದ್ದು" ಎಂದು ಹೆಮ್ಮೆಯಿಂದಲೇ ಹೇಳುತ್ತಾರೆ. ಮಹದೇವ ಕಂಡಾಗಲೆಲ್ಲ, "ಅರ್ಧ ಗಂಟೆ ಕೆಲ್ಸ ಸಾ, ಬಿಚ್ಚಿ ಸರಿ ಮಾಡ್ಕೊಡ್ತೀನಿ ಬುಡಿ" ಅನ್ನುತ್ತಾನೆ. ನಾನು ಇಡೀ ಭಾನುವಾರ ಬೆವರು ಸುರಿಸಿ ಮಾಡಿದ ತಪ್ಪನ್ನು ಅವನು ಅರ್ಧ ಗಂಟೆಯಲ್ಲಿ ಸರಿಮಾಡುವುದನ್ನು ಈ ಕಣ್ಣುಗಳಿಂದ ನೋಡಲಾರೆ. ಅದಕ್ಕೇ ಆಯುಧ ಪೂಜೆಯ ದಿನ ಸ್ಟೀರಿಂಗಿನ ಪೂಜೆಯನ್ನು ಈಗ ನಾನೇ ವಹಿಸಿಕೊಂಡಿದ್ದೇನೆ. ಮಗನಿಗೆ ತಡವಾಗಿಯಾದರೂ ಭಕ್ತಿ ಬಂತಲ್ಲ ಎಂದು ಅವ್ವನಿಗೆ ಸಂತೋಷ. ನಾನು ನಿಂಬೆಹಣ್ಣು ಚೆನ್ನಾಗಿ ಹಿಂಡುತ್ತೇನೆ. ಕಾಯಿ ನೀರನ್ನು ಹಾರನ್ ಗುಂಡಿಯ ಸಂದಿಗೇ ನೋಡಿ ಹುಯ್ಯುತ್ತೇನೆ, ಒಂದು ಲೋಟ ಹೆಚ್ಚಾಗಿಯೇ.