ಮುಂದಿನ ಯುಗಾದಿಯವರೆಗೂ ಪಾಳಿ

ನಮ್ಮ ಭಾವನ ಅಪ್ಪಣೆಯಿಲ್ಲದೆ ಹಾಸನದಲ್ಲಿ ಯಾರೂ ಸಾಯುವಂತಿರಲಿಲ್ಲ! ಹೀಗೆಂದರೆ ನೀವು ನಗುತ್ತೀರಿ. ಭಾವ ಮಾತ್ರ ನಗುತ್ತಿರಲಿಲ್ಲ. ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ಕೌಂಟರಿನಲ್ಲಿ ಅವರ ಕೆಲಸ. ರಕ್ತ ತೊಳೆಯುವ ಯಂತ್ರ ಇದ್ದದ್ದು ಎರಡೇ. ಕಿಡ್ನಿ ಕೆಟ್ಟವರು ಮಾತ್ರ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲ ಕಡೆಯಿಂದಲೂ!

ಪಾಳಿ ಬರೆಯಲು ಕಂಪ್ಯೂಟರ್ ಬಂತು. ಅದನ್ನು ಹಾಕಲು ಬಂದವರು, "ಕ್ಯಾಲೆಂಡರ್ ಹೇಗೆ ಕಾಣಬೇಕು ಸಾರ್?" ಎಂದು ಕೇಳಿದ್ದೇ ತಪ್ಪು. ಭಾವ ಮೂರು ಹಾಳೆ ಬರೆದುಕೊಟ್ಟರು! ಎಂಟು ಗಂಟೆ, ಹತ್ತು ಗಂಟೆ ಎಂದು ಕಾಣಕೂಡದು. 'ಅರಕಲಗೂಡಿನ ಫಸ್ಟ್ ಬಸ್ಸು' ಎಂದು ಕಾಣಬೇಕು. ಹಳ್ಳಿಯವರಿಗೆ ಸಂತೆಯ ದಿನ ಆರಿಸಲು ಹೋದರೆ ಆ ಚೌಕ ಬೂದಿ ಬಣ್ಣಕ್ಕೆ ತಿರುಗಿ, ಒತ್ತಿದರೂ ಒತ್ತಿಸಿಕೊಳ್ಳಬಾರದು.

"ಅದ್ಯಾಕೆ ಸಾರ್?"

"ಸಂತೆ ಬಸ್ಸಲ್ಲಿ ನಿಂತ್ಕೊಂಡು ಬಂದ್ರೆ ಇಲ್ಲಿ ಇಳಿಯೋದು ಪೇಷೆಂಟಲ್ಲ ಕಣ್ರೀ, ಹೆಣ!"

ಒಂದು ತಿಂಗಳು ಕಂಡರೆ ಸಾಕೆಂದರು ಡಾಕ್ಟರು. ಭಾವ ಕೇಳಬೇಕಲ್ಲ? ಪೂರಾ ಒಂದು ವರ್ಷ ಕಾಣಬೇಕು, ವರ್ಷವಿಡೀ ಎಲ್ಲರ ಹೆಸರೂ ತುಂಬಿರಬೇಕು! ದುದ್ದದಿಂದ ಬರುತ್ತಿದ್ದ ಗೌಡರೊಬ್ಬರು, "ಇನ್ನೆಷ್ಟ್ ದಿನ ಸಾ? ನಂದು ಮುಗೀತು ಕಣ್ ತಕ್ಕಳಿ" ಎಂದರೆ ಪರದೆಯನ್ನು ಅವರ ಕಡೆಗೆ ತಿರುಗಿಸುವರು.

"ಎಲ್ಲಿಗೆ ಹೊರಟ್ರಿ ಗೌಡ್ರೇ? ನೋಡಿ, ಮುಂದಿನ ಯುಗಾದಿ ಮಾರನೇ ದಿನ ನಿಮ್ಮ ಪಾಳಿ. ತಪ್ಪಿಸಿಕೊಂಡ್ರೆ ನಾನು ಬಿಡಲ್ಲ."

"ಔದಾ? ಅಂಗಾರೆ ಒಬ್ಬಟ್ಟು ತಿನ್ಕಂಡೇ ಬತ್ತೀನಿ ಬುಡಿ!"

"ಒಂದೇ ತಿನ್ನಿ. ಯಂತ್ರಕ್ಕೆ ಹಾಕೋ ಮುಂಚೆ ತೂಕ ನೋಡೋನು ನಾನೇ."

ಇನ್ನೊಂದು ಹುಚ್ಚು ಕೇಳಿ. ಹತ್ತಾರು ಚೌಕಗಳನ್ನು ಒಟ್ಟಿಗೆ ಆರಿಸಿ ಅಳಿಸುವ ಸೌಕರ್ಯವಿತ್ತು. ಭಾವ ಅದನ್ನು ತೆಗೆಸಿಹಾಕಿದರು! ಕೈತಪ್ಪಿ ಯಾರದೋ ವರ್ಷವೇ ಅಳಿಸಿಹೋದರೆ? ಹೀಗಾಗಿ ಯಾರಾದರೂ ತೀರಿಕೊಂಡರೆ ನೂರು ಚೌಕಗಳನ್ನು ಒಂದೊಂದಾಗಿ ಅಳಿಸಬೇಕು. ನರ್ಸಮ್ಮ ಛೇಡಿಸುವಳು: "ಯಮ ಒಂದೇ ಏಟಿಗೆ ಮುಗಿಸ್ದ. ನಿಮ್ದು ಮಧ್ಯಾಹ್ನ ಆದ್ರೂ ಮುಗೀಲಿಲ್ವಾ ಸಾರ್?"

"ಅವನಿಗೇನಮ್ಮ, ಯಾರ ಗುರುತು ಪರಿಚಯವೂ ಇಲ್ಲ!"

ಇಂಥವರ ಹೆಂಡತಿಗೆ, ಎಂದರೆ ನನ್ನ ಅಕ್ಕನಿಗೆ, ಕಿಡ್ನಿ ಕೈಕೊಟ್ಟಿತು. ಯಂತ್ರಕ್ಕೆ ಕಾಯುವವರ ಪಟ್ಟಿಯಲ್ಲಿ ಆರನೆಯವಳು. ಕೌಂಟರಿನಲ್ಲಿ ಗಂಡನೇ ಕೂತಿದ್ದರೂ ಹೆಸರು ಒಂದು ಸಾಲು ಮೇಲೆ ಸರಿದಿದ್ದರೆ ಕೇಳಿ! ಅಲ್ಲಿಯವರೆಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಅವಳನ್ನು ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ಯುತ್ತಿದ್ದವಳು ನಾನು. ಐದು ತಿಂಗಳಲ್ಲಿ ಅಕ್ಕ ಪಟ್ಟಿಯಲ್ಲಿ ಮೊದಲನೆಯವಳಾದಳು. ಹೇಗಾದಳೆಂದು ಬಿಡಿಸಿ ಹೇಳಬೇಕೇ? ನಾನು ದೇವರಿಗೆ ಕೈಮುಗಿಯುವುದನ್ನೇ ಬಿಟ್ಟಿದ್ದೆ. ಏನೆಂದು ಕೇಳಿಕೊಳ್ಳಲಿ, ಯಾರ ಪಾಳಿ ಖಾಲಿಯಾಗಲೆಂದು? ಅಷ್ಟರಲ್ಲಿ ಅಕ್ಕ, "ಇನ್ನು ಆ ಬಸ್ಸು ಹತ್ತಲ್ಲ ಕಣೇ, ಏನಾದ್ರೂ ಆಗಲಿ" ಎಂದು ಮಲಗಿಬಿಟ್ಟಳು.

ನಾಲ್ಕನೆಯ ದಿನ ದುದ್ದದಿಂದ ಫೋನು ಬಂತು. ಗೌಡರು ಹೋಗಿಬಿಟ್ಟಿದ್ದರು.

ಅಕ್ಕನನ್ನು ಆಟೋದಲ್ಲಿ ಕರೆತಂದಾಗ ಭಾವ ಗೌಡರ ಚೌಕಗಳನ್ನು ಇನ್ನೂ ಅಳಿಸುತ್ತಲೇ ಇದ್ದರು! ಅಕ್ಕನ ಮುಖ ಊದಿಕೊಂಡು ಕಣ್ಣೇ ಕಾಣುತ್ತಿರಲಿಲ್ಲ.

"ಬೇಗ ಆಗ್ಲಿ ಭಾವ, ಅವಳಿಗೆ ಉಸಿರು ಸಿಗ್ತಿಲ್ಲ!"

"ಇವತ್ತಿನದು ಆಗಿದೆ, ಒಳಗೆ ಕರ್ಕೊಂಡು ಹೋಗು." ತಲೆ ಎತ್ತಲಿಲ್ಲ. "ನಾನಿನ್ನೂ ಕಾರ್ತಿಕದಲ್ಲಿದ್ದೀನಿ."

ಯಂತ್ರ ತಿರುಗತೊಡಗಿ ಎಷ್ಟೋ ಹೊತ್ತಾದ ಮೇಲೆ ಬಂದು ಮಂಚದ ಪಕ್ಕ ನಿಂತರು. ಅಕ್ಕ ಕೇಳಿದಳು: "ಇದು ಯಾರ ಪಾಳೀರಿ?"

"ದುದ್ದದ ಗೌಡರದ್ದು. ಮಗಳ ಊರಿಗೆ ಹೋದ್ರು. ಇನ್ಮೇಲೆ ಅಲ್ಲೇ ಅಂತೆ." ಸುಳ್ಳಿನ ಅಭ್ಯಾಸವಿಲ್ಲದ ಮನುಷ್ಯ ಗೋಡೆ ನೋಡಿಕೊಂಡು ಹೇಳಿದರು.

ಅಕ್ಕ ಅವರ ಕಡೆಗೆ ಮುಖ ತಿರುಗಿಸಿದಳು.

"ಅವರ ಮನೇಲಿ ಇವತ್ತು ಒಲೆ ಹಚ್ಚಿರಲ್ಲ. ಗೌಡ್ರ ಹೆಂಡ್ತಿಗೆ ಯಾರಾದ್ರೂ ಊಟ ಕೊಟ್ಟಿದ್ದಾರೇನ್ರೀ?"

ಭಾವ ಸ್ಟೂಲು ಎಳೆದುಕೊಂಡು ಕೂತರು. ಸೂಜಿ ಚುಚ್ಚದ ಅವಳ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಿಡಿದುಕೊಂಡರು.

"ಈಗಲೇ ಫೋನ್ ಮಾಡಿ ವಿಚಾರಿಸ್ತೀನಿ ಕಣೇ, ನೀನು ಮಲಗು" ಎಂದರು. ಕೈ ಮಾತ್ರ ಬಿಡಲಿಲ್ಲ.