ಸದ್ದಿಲ್ಲದ ಗಿಟಾರು

ಗಡಿಯಾರ ರಿಪೇರಿಯವನ ಚಿಮಟದ ತುದಿಯಲ್ಲಿದ್ದ, ಸಾಸಿವೆಗಿಂತ ಸಣ್ಣ ಸ್ಕ್ರೂ ಎಗರಿ ಚಹಾದ ಲೋಟಕ್ಕೆ ಬಿತ್ತು. ಮಹಡಿ ಮೇಲಿನ ಬ್ಯಾಂಕ್ ಗುಮಾಸ್ತ ತನ್ನ ಎಲೆಕ್ಟ್ರಿಕ್ ಗಿಟಾರಿನ ತಂತಿ ಮೀಟಿದ್ದ. ಮೀಟಿದ್ದು ಒಂದೇ ತಂತಿ. ಸದ್ದು ಮಾತ್ರ ಯಾರೋ ಬೀರುವಿನ ಸಮೇತ ಮೆಟ್ಟಿಲಿಂದ ಉರುಳಿದಂತಿತ್ತು.

ಮನೆಯ ಮುಂದಿನ ಕೋಣೆಯೇ ರಿಪೇರಿಯವನ ಕೆಲಸದ ಜಾಗ. ಬಿಚ್ಚಿಟ್ಟಿದ್ದ ವಾಚನ್ನು ಸಂಜೆಯೊಳಗೆ ಸರಿಮಾಡಿ ಕೊಡದಿದ್ದರೆ ಇದ್ದೊಬ್ಬ ಒಳ್ಳೆಯ ಗಿರಾಕಿಯೂ ಕೈಬಿಡುವಂತಿದ್ದ. ಅವನು ದುಮುಗುಡುತ್ತ ಮೇಲೆ ಹೋದ.

"ಬೇಜಾರಾಗ್ಬೇಡಿ ಅಣ್ಣ, ಸದ್ದು ಕಮ್ಮಿ ಮಾಡಿದ್ರೆ ಗಿಟಾರಿಗೆ ಜೀವಾನೇ ಇರಲ್ಲ" ಎಂದ ಗುಮಾಸ್ತ.

"ಅದಕ್ಕೆ ಜೀವ ಬಂದ್ರೆ ನನ್ನ ಜೀವ ಹೋಗತ್ತಲ್ಲಪ್ಪ! ಹೆಡ್‌ಫೋನ್ ಹಾಕ್ಕೊಂಡು ಬಾರಿಸ್ಬಹುದಂತೆ. ನಡಿ, ನಾನೇ ಕೊಡಿಸ್ತೀನಿ."

ಕರೆಯದೆ ಬರುವುದರಲ್ಲಿ ಮನೆ ಮಾಲೀಕರದು ಎತ್ತಿದ ಕೈ. ಮೆಟ್ಟಿಲ ಬಳಿಯೇ ಎದುರಾದರು. "ಇಂಥದ್ದಕ್ಕೆಲ್ಲ ಹಿರಿಯರು ಒಬ್ರು ಜೊತೇಲಿರ್ಬೇಕು" ಎಂದು ಚಪ್ಪಲಿ ಮೆಟ್ಟಿದರು.

"ನಾನೂ ಬರ್ತೀನಿ" ಎಂದು ರಿಪೇರಿಯವನ ಹೆಂಡತಿಯೂ ಹೊರಟಳು. "ನಿಮ್ಮೊಬ್ರನ್ನೇ ಕಳಿಸಿದ್ರೆ ಹೆಡ್‌ಫೋನ್ ಬದ್ಲು ಕೆಟ್ಟ ಗಡಿಯಾರ ಹೊತ್ಕೊಂಡ್ ಬರ್ತೀರಿ."

ವಾದ್ಯದ ಅಂಗಡಿಯಾಕೆ ಗಿಟಾರಿಗೆ ಚುಚ್ಚುವ ಪುಟ್ಟ ಪೆಟ್ಟಿಗೆಯನ್ನೂ ಹೆಡ್‌ಫೋನನ್ನೂ ಗುಮಾಸ್ತನಿಗೆ ಕೊಟ್ಟಳು. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಅಷ್ಟರಲ್ಲಿ ಮಾಲೀಕರು ಗೋಡೆಯ ಮೇಲಿದ್ದ ಕೆಂಪು ಗಿಟಾರೊಂದನ್ನು ಕೊರಳಿಗೆ ಹಾಕಿಕೊಂಡಿದ್ದರು. ಅದು ಅವರ ಹೊಟ್ಟೆಯ ಮೇಲೆ ಗುಡ್ಡದಂಚಿನ ಬಂಡಿಯಂತೆ ಜಾರುತ್ತಿತ್ತು.

"ನಿಮಗೆ ಇದಲ್ಲ ಸಾರ್" ಎಂದು ಆಕೆ ಇನ್ನೊಂದು ಗಿಟಾರು ಇಳಿಸಿದಳು. "ಇದರ ಬೆನ್ನು ನೋಡಿ, ಹಳ್ಳ ತೋಡಿದ್ದಾರೆ. ಹೊಟ್ಟೆ ಒರಗಿಸ್ಕೊಳ್ಬಹುದು. ಪಟ್ಟಿಯೂ ಅಗಲದ್ದು ತಗೊಳ್ಳಿ, ಹೆಗಲು ಕೊಯ್ಯಲ್ಲ."

"ನನ್ನ ಹೊಟ್ಟೆಗೂ ಒಬ್ರು ಮರ್ಯಾದೆ ಕೊಟ್ರಲ್ಲ!" ಎಂದು ಮಾಲೀಕರು ಉಬ್ಬಿಹೋಗಿ, ಅದನ್ನೂ ಒಂದು ಹೆಡ್‌ಫೋನನ್ನೂ ಕೊಂಡೇಬಿಟ್ಟರು.

ಹೆಂಡತಿಯ ಅಂಗೈ ಚಿಕ್ಕದು. ಅವಳ ಕೈಗೆ ಆಕೆ ಹಗುರವಾದ, ಸಪೂರ ಕತ್ತಿನ ಗಿಟಾರು ಇಟ್ಟಳು. "ತಂತಿ ತೆಳ್ಳಗಿದೆ ಅಕ್ಕ, ಬೆರಳು ನೋಯಲ್ಲ."

ಹೆಂಡತಿ ಮೆಲ್ಲಗೆ ಮೀಟಿದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ಅವನು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ. ಬೇಡವೆನ್ನಲು ತೆರೆದ ಬಾಯಿ "ಇದಕ್ಕೂ ಹೆಡ್‌ಫೋನ್ ಕೊಡಿ" ಎಂದುಬಿಟ್ಟಿತು.

"ನಿಮಗೇನು ಕೊಡ್ಲಿ ಸಾರ್?"

"ನಿಶ್ಶಬ್ದ ಇದ್ರೆ ಕೊಡಮ್ಮ."

"ಅದು ಹೆಡ್‌ಫೋನ್ ಜೊತೆಗೇ ಬರತ್ತೆ" ಎಂದು ಆಕೆ ನಕ್ಕಳು.

ಮನೆಗೆ ಬಂದು ಮೂವರೂ ಕಿವಿ ಮುಚ್ಚಿಕೊಂಡು ಕೂತರು. ಹೆಂಡತಿ ಒಳಕೋಣೆಯಲ್ಲಿ, ಮಾಲೀಕರು ಎದುರು ಮನೆಯಲ್ಲಿ, ಗುಮಾಸ್ತ ಮೇಲೆ. ತಂತಿಯ ಕಿಟಿಕಿಟಿ ಬಿಟ್ಟರೆ ಸದ್ದೇ ಇಲ್ಲ. ಬೇರೆ ವಾಚುಗಳ ಟಿಕ್ ಟಿಕ್ ಕೂಡ ಸ್ಪಷ್ಟವಾಗಿ ಕೇಳಿತು. ಗಡಿಯಾರ ರಿಪೇರಿಯವನಿಗೆ ಕಣ್ಣು ಒದ್ದೆಯಾಯಿತು. ಅವನು ಉಸಿರು ಬಿಗಿಹಿಡಿದು ಹೊಸ ಸ್ಕ್ರೂ ಎತ್ತಿದ.

"ಆಆಆ..." ಎಂದು ಮೇಲಿನಿಂದ ಆರ್ತನಾದ ಕೇಳಿಬಂತು.

ಅವನು ಗಾಬರಿಯಿಂದ ಮೇಲಕ್ಕೋಡಿದ. ಕಿಟಕಿಯಲ್ಲಿ ಇಣುಕಿದರೆ ಗುಮಾಸ್ತನಿಗೆ ಏನೂ ಆಗಿರಲಿಲ್ಲ, ಹಾಡುತ್ತಿದ್ದ. ಹೆಡ್‌ಫೋನಿನಲ್ಲಿ ಗಿಟಾರು ಅವನೊಬ್ಬನಿಗೆ ಕೇಳುತ್ತಿತ್ತು, ಅವನ ಗಂಟಲು ಅವನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಕೇಳುತ್ತಿತ್ತು. ರಿಪೇರಿಯವನು ಬಾಗಿಲು ಗುದ್ದಿದ, ಕೂಗಿದ. ಕೇಳಲು ಕಿವಿಯೇ ಖಾಲಿ ಇರಲಿಲ್ಲ.

ಕೆಳಗೆ ಮಾಲೀಕರೂ ದನಿ ತೆಗೆದರು. ಅವರ ಶ್ರುತಿ ಕೇಳಿ ಬೀದಿಯ ನಾಯಿ ಎದ್ದು ಪಕ್ಕದ ಬೀದಿಗೆ ಹೋಯಿತು. ಅವರ ಬಾಗಿಲನ್ನೂ ಬಡಿದ. ಪ್ರಯೋಜನವಾಗಲಿಲ್ಲ.

ಸೋತು ತನ್ನ ಮನೆಗೆ ತಿರುಗಿದರೆ, ಗಾಳಿಗೆ ಬಾಗಿಲು ಹಾಕಿಕೊಂಡು ಒಳಗಿನ ಚಿಲಕ ಬಿದ್ದಿತ್ತು. ಒಳಗೆ ಹೆಂಡತಿ ಕಂಠ ಬಿಚ್ಚಿ ಹಾಡುತ್ತಿದ್ದಳು.

"ಲೇ, ಬಾಗಿಲು ತೆಗಿಯೇ! ನಾನು ಕಣೇ!"

ಹಾಡು ಥಟ್ಟನೆ ನಿಂತಿತು. ಅವನಿಗೆ ಹೋದ ಜೀವ ಬಂದಂತಾಯಿತು. ಕೂದಲು ಸರಿಮಾಡಿಕೊಂಡು, ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತ.

ಒಳಗೆ ಅವಳು ದೀರ್ಘವಾಗಿ ಉಸಿರೆಳೆದುಕೊಂಡು ಎರಡನೇ ಚರಣ ಶುರುಮಾಡಿದಳು.